ಎರಡನೇ ಸಾಕ್ಷಿಯ ಜಾಗ ಖಾಲಿ ಇತ್ತು

ದೊಡ್ಡಪ್ಪ ತೀರಿಕೊಂಡ ಮೇಲೆ ಬೀರು ತೆಗೆದಾಗ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಮೂರು ಹಾಳೆಯ ವಿಲ್. ಕೊನೆಯ ಹಾಳೆಯ ಮೇಲೆ ದುಂಡನೆಯ ಕೆಂಪು ಸೀಲು, ಪಕ್ಕದಲ್ಲಿ ನೋಟರಿ ಸ್ಟಾಂಪು, ಸ್ಟಾಂಪಿನ ಮೇಲೆ ಅರ್ಧ ಹತ್ತಿ ಅರ್ಧ ಕಾಗದಕ್ಕೆ ಇಳಿದ ಒಂದು ಸಹಿ. ಅದನ್ನು ನೋಡಿದ ಕೂಡಲೇ ಮನೆಯವರೆಲ್ಲ ನಿರಾಳವಾದರು. 'ನೋಟರಿ ಆಗಿದೆಯಲ್ಲ, ಇನ್ನೇನು ಬಿಡು' ಅಂದರು ಚಿಕ್ಕಪ್ಪ. ನಾನೂ ಹಾಗೇ ಅಂದುಕೊಂಡೆ. ವಕೀಲರ ಹತ್ತಿರ ಹೋದದ್ದು ಸುಮ್ನೆ ಒಂದು ಮಾತು ಕೇಳಿಕೊಂಡು ಬರೋಣ ಅಂತ. ಅವರು ಮೊದಲ ಎರಡು ಹಾಳೆ ಓದಲೇ ಇಲ್ಲ. ಸೀದಾ ಕೊನೆಯ ಹಾಳೆಗೆ ಹೋದರು. ಸೀಲಿನ ಕಡೆಗೂ ನೋಡಲಿಲ್ಲ. ಅದಕ್ಕಿಂತ ಎರಡು ಇಂಚು ಮೇಲೆ, ಎಡಗಡೆ ಬೆರಳಿಟ್ಟು, 'ಎರಡನೇ ಸಾಕ್ಷಿ ಎಲ್ಲಿ?' ಅಂದರು.

'ಸಾಕ್ಷಿಗಳು' ಅಂತ ಬರೆದಿತ್ತು. ಅದರ ಕೆಳಗೆ 1, ಅದರ ಮುಂದೆ ಒಂದು ಹೆಸರು, ಸಹಿ, ವಿಳಾಸ. ಅದರ ಕೆಳಗೆ 2, ಅದರ ಮುಂದೆ ಬರೀ ಚುಕ್ಕಿ ಚುಕ್ಕಿ ಗೆರೆ. ಆ ಹಾಳೆಯನ್ನು ಅಷ್ಟರಲ್ಲಿ ನಾನು ಹತ್ತು ಸಲವಾದರೂ ನೋಡಿದ್ದೆ. ಪ್ರತಿ ಸಲವೂ ಕಣ್ಣು ಸೀಲಿನ ಮೇಲೆ ಹೋಗಿ ಕೂತಿತ್ತು. ಖಾಲಿ ಗೆರೆ ಒಂದು ಸಲವೂ ಕಂಡಿರಲಿಲ್ಲ.

ಆ ವಿಲ್‌ನಲ್ಲಿ ಹೆಚ್ಚೇನೂ ಇರಲಿಲ್ಲ. ಮನೆ ಇಬ್ಬರು ಗಂಡುಮಕ್ಕಳಿಗೆ ಸಮನಾಗಿ. ಆದರೆ ಅತ್ತೆ, ಅಂದರೆ ದೊಡ್ಡಪ್ಪನ ತಂಗಿ, ಬದುಕಿರುವ ತನಕ ಆ ಮನೆಯಲ್ಲಿ ವಾಸ ಮಾಡುವ ಹಕ್ಕು ಆಕೆಗೆ. ಅತ್ತೆ ಗಂಡ ಹೋದ ಮೇಲೆ ಅಣ್ಣನ ಮನೆಗೆ ಬಂದವರು. ದೊಡ್ಡಮ್ಮ ಹೋದ ಮೇಲೆ ಆ ಮನೆ ನಡೆದದ್ದೇ ಅತ್ತೆಯಿಂದ. ವಿಲ್ ನಿಂತಿದ್ದರೆ ಆಕೆಗೆ ಒಂದು ಹಕ್ಕು ಇರುತ್ತಿತ್ತು. ವಿಲ್ ಬಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಅದರ ಪಟ್ಟಿಯಲ್ಲಿ ಮಕ್ಕಳು ಮೊದಲ ವರ್ಗ, ಅಕ್ಕತಂಗಿಯರು ಎರಡನೇ ವರ್ಗ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಸಾಕು, ಎರಡನೇ ವರ್ಗಕ್ಕೆ ಏನೂ ಬರುವುದಿಲ್ಲ. ಅಷ್ಟೇ. ಇಪ್ಪತ್ತು ವರ್ಷ ಮನೆ ನಡೆಸಿದ್ದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಆಟೋದಲ್ಲೇ ಕೂತಿದ್ದರು

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ವಿಲ್ ಹೇಗಿರಬೇಕು ಅಂತ ಹೇಳುತ್ತದೆ. ಬರೆದವರ ಸಹಿ ಇರಬೇಕು, ಇಲ್ಲವೇ ಹೆಬ್ಬೆಟ್ಟು. ಅವರು ಸಹಿ ಹಾಕಿದ್ದನ್ನು ಕಣ್ಣಾರೆ ನೋಡಿದ, ಅಥವಾ 'ಇದು ನನ್ನದೇ ಸಹಿ' ಅಂತ ಅವರ ಬಾಯಿಂದಲೇ ಕೇಳಿದ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಆ ಸಾಕ್ಷಿಗಳು ಬರೆದವರ ಎದುರಲ್ಲೇ ತಮ್ಮ ಸಹಿ ಹಾಕಬೇಕು. ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಅಲ್ಲಿರಬೇಕು ಅಂತೇನಿಲ್ಲ. ಛಾಪಾ ಕಾಗದ ಬೇಕಿಲ್ಲ. ರಿಜಿಸ್ಟರ್ ಮಾಡಿಸಲೇಬೇಕೆಂದಿಲ್ಲ. ಆ ಕಲಮಿನಲ್ಲಿ ನೋಟರಿ ಅನ್ನುವ ಪದವೇ ಇಲ್ಲ. (ಇದು ಹಿಂದೂ, ಕ್ರೈಸ್ತ ಮುಂತಾದವರ ಮಾತು. ಮುಸ್ಲಿಮರ ವಿಲ್‌ಗೆ ಬೇರೆ ಲೆಕ್ಕವಿದೆ. ಅಲ್ಲಿ ಬಾಯಿಮಾತಿನ ವಿಲ್ ಕೂಡ ನಡೆಯುತ್ತದೆ. ಆದರೆ ವಾರಸುದಾರರು ಒಪ್ಪದಿದ್ದರೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೆಯುವಂತಿಲ್ಲ.)

ಹಾಗಾದರೆ ನೋಟರಿಯನ್ನೇ ಎರಡನೇ ಸಾಕ್ಷಿ ಅಂತ ಲೆಕ್ಕ ಹಿಡಿಯಬಹುದಲ್ವಾ? ನಾನು ಇದನ್ನೇ ಕೇಳಿದೆ. ವಕೀಲರು ತಕ್ಷಣ ಇಲ್ಲ ಅನ್ನಲಿಲ್ಲ. 'ಹಿಡಿಯಬಹುದು. ಆದರೆ ನಿಮ್ಮ ದೊಡ್ಡಪ್ಪ ಸಹಿ ಹಾಕಿದ್ದನ್ನು ಅವರು ನೋಡಿರಬೇಕು, ಇಲ್ಲವೇ ಅವರ ಬಾಯಿಂದ ಕೇಳಿರಬೇಕು. ನಿಮ್ಮ ದೊಡ್ಡಪ್ಪನ ಎದುರೇ ಸಹಿ ಹಾಕಿರಬೇಕು. ಅದೂ ಸಾಕ್ಷಿ ಅನ್ನೋ ಮನಸ್ಸಿನಿಂದ. ಸುಮ್ನೆ ಸೀಲು ಹೊಡೆದರೆ ಆಗಲ್ಲ. ಹೋಗಿ ವಿಚಾರಿಸಿ' ಅಂದರು.

ವಿಚಾರಿಸಿದೆ. ಮೊದಲ ಸಾಕ್ಷಿ ದೊಡ್ಡಪ್ಪನ ಜೊತೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದ ನಿವೃತ್ತ ಮೇಷ್ಟ್ರು. ಅವರಿಗೆ ಎಲ್ಲವೂ ನೆನಪಿತ್ತು. 'ಅವರಿಗೆ ಮಂಡಿ ನೋವು ನೋಡಪ್ಪ. ಆಟೋದಿಂದ ಇಳಿಯೋಕೆ ಆಗಲಿಲ್ಲ. ಒಬ್ಬ ಗುಮಾಸ್ತ ಹುಡುಗ ಪ್ಯಾಡ್ ಹಿಡಕೊಂಡು ಬಂದ. ಇಬ್ಬರೂ ಆಟೋದಲ್ಲೇ ರುಜು ಹಾಕಿದೆವು. ಅವನು ಒಳಗೆ ಹೋಗಿ ಐದು ನಿಮಿಷದಲ್ಲಿ ಸೀಲು ಹೊಡೆಸಿಕೊಂಡು ಬಂದ. ನೋಟರಿ ಸಾಹೇಬರ ಮುಖವನ್ನ ನಾವು ನೋಡಲೇ ಇಲ್ಲ.' ಎರಡನೇ ಸಾಕ್ಷಿಯ ಬಗ್ಗೆ ಯಾರೂ ಕೇಳಲಿಲ್ಲವೇ ಅಂದೆ. 'ನಾನು ಕೇಳಿದೆನಪ್ಪ. ನೋಟರಿ ಆದ ಮೇಲೆ ಅದೆಲ್ಲ ಬೇಕಿಲ್ಲ ಅಂದ ಆ ಹುಡುಗ.'

ಆ ಹುಡುಗ ಸುಳ್ಳು ಹೇಳಬೇಕು ಅಂತ ಹೇಳಿರಲಿಕ್ಕಿಲ್ಲ. ನಮ್ಮಲ್ಲಿ ಮುಕ್ಕಾಲುಪಾಲು ಜನ ನಂಬಿರುವುದೇ ಅದನ್ನು. ಸೀಲು ಬಿದ್ದರೆ ಕಾಗದಕ್ಕೆ ಜೀವ ಬಂತು ಅಂತ. ದೊಡ್ಡಪ್ಪ ಲೆಕ್ಕಪತ್ರದಲ್ಲಿ ಒಂದು ರೂಪಾಯಿ ಆಚೀಚೆ ಆದರೆ ನಿದ್ದೆ ಮಾಡದ ಮನುಷ್ಯ. ಅವರೂ ಸೀಲು ನೋಡಿ ಕವರಿಗೆ ಹಾಕಿ ಬೀರುವಿನಲ್ಲಿಟ್ಟು ಮರೆತರು. ಆ ನೋಟರಿ ಎದ್ದು ಆಟೋ ತನಕ ನಾಲ್ಕು ಹೆಜ್ಜೆ ಬಂದಿದ್ದರೆ? ದೊಡ್ಡಪ್ಪನ ಮುಖ ನೋಡಿ 'ಇದು ನಿಮ್ಮ ಸಹಿಯೇನು' ಅಂತ ಒಂದು ಮಾತು ಕೇಳಿ, ಅವರೆದುರೇ ಪೆನ್ನು ತೆಗೆದಿದ್ದರೆ? ಆಗ ವಕೀಲರಿಗೆ ವಾದ ಮಾಡಲಿಕ್ಕೆ ಒಂದು ಎಳೆಯಾದರೂ ಸಿಗುತ್ತಿತ್ತು.

ನನ್ನ ಅಣ್ಣಂದಿರ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಅವರು ಅತ್ತೆಯನ್ನು ಹೊರಗೆ ಹಾಕಲಿಲ್ಲ. 'ಇರಲಿ ಬಿಡು' ಅಂದರು. ಹಿಂದಿನ ರೂಮಿನಲ್ಲಿ ಈಗಲೂ ಇದ್ದಾರೆ. ಆದರೆ ಮೊದಲೆಲ್ಲ ನಡುಮನೆಯ ಫ್ಯಾನು ಹಾಕುವಾಗ ಯಾರನ್ನೂ ಕೇಳದ ಅತ್ತೆ, ಈಗ ಸ್ವಿಚ್ಚಿನ ಹತ್ತಿರ ಹೋಗಿ ಒಂದು ಸಲ ತಿರುಗಿ ನೋಡುತ್ತಾರೆ.

ಸೀಲು ಹೇಳುವುದೇನು

ಆಮೇಲೆ ಕೆಲವು ದಿನ ನಾನು ಈ ನೋಟರಿಗಳ ಕೆಲಸದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಸಿಟ್ಟಿನಿಂದಲೇ ಓದಿದೆ ಅನ್ನಿ. 1952ರ ನೋಟರಿ ಕಾಯ್ದೆ, 1956ರ ನಿಯಮಗಳು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿದವರು ನೋಟರಿ ಆಗಬಹುದು. ಕೇಂದ್ರವೂ ನೇಮಿಸಬಹುದು, ರಾಜ್ಯವೂ ನೇಮಿಸಬಹುದು. ಸೀಲಿನ ಅಡ್ಡಳತೆ 5 ಸೆಂಟಿಮೀಟರ್ ಇರಬೇಕು ಅಂತಲೂ ನಿಯಮದಲ್ಲಿದೆ. ಮಾಡಿದ ಪ್ರತಿ ಕೆಲಸವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಾಗದದ ಮೇಲೆ ನೋಟರಿ ಹಾಕುವ ನಂಬರು ಆ ರಿಜಿಸ್ಟರಿನದ್ದು.

ಇಷ್ಟೆಲ್ಲ ಓದಿದ ಮೇಲೆ ಅರ್ಥವಾದದ್ದು ಒಂದು ಸಣ್ಣ ವಿಷಯ. ಸೀಲು ಕಾಗದದೊಳಗೆ ಬರೆದದ್ದು ಸರಿ ಅಂತ ಹೇಳುವುದಿಲ್ಲ. ಈ ಮನುಷ್ಯ ಈ ದಿನ ನನ್ನ ಮುಂದೆ ಬಂದ, ಇವನೇ ಅವನು ಅಂತ ನೋಡಿಕೊಂಡೆ, ಇವನು ಸಹಿ ಹಾಕಿದ, ನಾನು ನೋಡಿದೆ. ಅದು ಹೇಳುವುದು ಇಷ್ಟೇ. ನೋಟರಿ ನಮಗೆ ಕೊಡುವುದು ಎರಡು ಕಣ್ಣು. ನೋಡದೆ ಒತ್ತಿದ ಸೀಲು ಇಂಕಿನ ಗುರುತು ಮಾತ್ರ.

ವಿಲ್‌ಗೆ ಈ ಕಣ್ಣುಗಳು ಯಾಕೆ ಬೇಕು ಅನ್ನುವುದಕ್ಕೆ ನಮ್ಮ ಮೈಸೂರಿನಿಂದಲೇ ಹೋದ ಒಂದು ಕೇಸಿದೆ. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ನಡುವಿನದ್ದು. 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಿಲ್ ತಕರಾರು ಇವತ್ತು ಯಾವ ಕೋರ್ಟಿಗೆ ಹೋದರೂ ಆ ತೀರ್ಪಿನ ಹೆಸರು ಬರುತ್ತದೆ. ಅದರ ತಿರುಳು ಇದು. ಬೇರೆ ಪತ್ರಗಳಲ್ಲಿ ಬರೆದವರನ್ನು ಕರೆದು ಕೇಳಬಹುದು. ವಿಲ್ ಬಾಯಿ ಬಿಡುವುದೇ ಬರೆದವರು ಹೋದ ಮೇಲೆ. 'ಇದು ನಾನೇ ಬರೆದದ್ದು' ಅನ್ನಲು ಅವರಿರುವುದಿಲ್ಲ. ಹಾಗಾಗಿ ಅದರ ಸುತ್ತ ಏನಾದರೂ ಅನುಮಾನ ಇದ್ದರೆ, ವಿಲ್ ತಂದವರೇ ಅದನ್ನು ಕಳೆಯಬೇಕು. ಅನುಮಾನ ಅಂದರೆ ಎಂಥದ್ದು? ನಡುಗುವ ಸಹಿ, ಹತ್ತಿರದವರನ್ನು ಕಾರಣವಿಲ್ಲದೆ ಬಿಟ್ಟಿರುವುದು, ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿರುವುದು. ಸಾಕ್ಷಿಗಳಲ್ಲಿ ಒಬ್ಬರು ಬದುಕಿದ್ದರೂ ಕೋರ್ಟಿಗೆ ಬಂದು ಹೇಳಬೇಕು. ಮೊದಲು ಇದು 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಇದೆ. ಅದಕ್ಕೇ ತಿಳಿದವರು ತಮಗಿಂತ ಚಿಕ್ಕ ವಯಸ್ಸಿನವರನ್ನು ಸಾಕ್ಷಿ ಮಾಡಿಕೊಳ್ಳಿ ಅನ್ನುವುದು. ನಮ್ಮಲ್ಲಿ ಮಾತ್ರ ಎಪ್ಪತ್ತೈದರವರು ಎಂಬತ್ತರ ಗೆಳೆಯರನ್ನು ಕರೆಯುತ್ತಾರೆ.

ಒಳ್ಳೆಯ ನೋಟರಿಯೊಬ್ಬರು ಇಲ್ಲೇ ಉಪಯೋಗಕ್ಕೆ ಬರುವುದು. ಸಾಕ್ಷಿ ಇಬ್ಬರಿದ್ದಾರಾ, ಅವರ ಪೂರ್ತಿ ವಿಳಾಸ ಬರೆದಿದೆಯಾ, ಪ್ರತಿ ಹಾಳೆಗೂ ಸಹಿ ಬಿದ್ದಿದೆಯಾ, ಹೊಡೆದು ತಿದ್ದಿದ ಕಡೆ ಎಲ್ಲರ ಸಹಿ ಇದೆಯಾ ಅಂತ ನೋಡುತ್ತಾರೆ. ಆಸ್ತಿ ಬರುವವರೇ ಸಾಕ್ಷಿ ಹಾಕಲು ಬಂದರೆ 'ನೀವು ಬೇಡ, ಬೇರೆಯವರನ್ನ ಕರೆಸಿ' ಅನ್ನುತ್ತಾರೆ. ಮುಂದೆ ತಕರಾರು ಬಂದರೆ ಆಸ್ತಿಯಲ್ಲಿ ಪಾಲಿಲ್ಲದ ಒಬ್ಬರು 'ಹೌದು, ಅವತ್ತು ಬಂದಿದ್ದರು, ಚೆನ್ನಾಗಿಯೇ ಮಾತಾಡಿದರು' ಅಂತ ರಿಜಿಸ್ಟರ್ ತೆಗೆದು ತೋರಿಸಬಹುದು. ಆದರೆ ವಿಲ್ ಕಳೆದುಹೋಗಬಾರದು ಅನ್ನುವುದೇ ನಿಮ್ಮ ಚಿಂತೆಯಾದರೆ ಸಬ್ ರಿಜಿಸ್ಟ್ರಾರ್ ಆಫೀಸೇ ಮೇಲು. ಅಲ್ಲಿ ವಿಲ್‌ನ ನಕಲು ಮೂರನೇ ನಂಬರಿನ ಪುಸ್ತಕದಲ್ಲಿ ಉಳಿಯುತ್ತದೆ. ಬರೆದವರು ಬದುಕಿರುವ ತನಕ ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಬೇರೆ ಯಾರಿಗೂ ಆ ನಕಲು ಕೊಡುವುದಿಲ್ಲ. ಮಕ್ಕಳು ಹೋಗಿ ಕೇಳಿದರೂ ಸಿಗುವುದಿಲ್ಲ. ಈ ನಿಯಮ ಮಾಡಿದವರು ಸಂಸಾರ ಬಲ್ಲವರು!

ಹಾಗಂತ ರಿಜಿಸ್ಟರ್ ಆದದ್ದೇ ಗೆಲ್ಲುತ್ತದೆ ಅಂತಲೂ ಇಲ್ಲ. ರಿಜಿಸ್ಟರ್ ಆದ ವಿಲ್ ಬರೆದ ಮೇಲೆ, ಬುದ್ಧಿ ಸ್ವಾಧೀನದಲ್ಲಿದ್ದಾಗಲೇ, ಬಿಳಿ ಹಾಳೆಯ ಮೇಲೆ ಇಬ್ಬರು ಸಾಕ್ಷಿ ಹಾಕಿಸಿ ಇನ್ನೊಂದು ಬರೆದರೆ ಕೊನೆಯದ್ದೇ ನಿಲ್ಲುತ್ತದೆ.

ಇಲ್ಲ ಅಂದ ನೋಟರಿ

ನನ್ನ ಗೆಳೆಯನೊಬ್ಬನ ತಂದೆಗೆ ಮರೆವಿನ ಕಾಯಿಲೆ. ಮೊದಮೊದಲು ಕನ್ನಡಕ ಎಲ್ಲಿಟ್ಟೆ ಅನ್ನುತ್ತಿದ್ದರು. ಬರಬರುತ್ತಾ ಮಗನನ್ನೇ ತಮ್ಮ ಅನ್ನತೊಡಗಿದರು. ಬ್ಯಾಂಕಿನ ಕೆಲಸ, ಆಸ್ಪತ್ರೆಯ ಖರ್ಚು ಎಲ್ಲಕ್ಕೂ ಅವರ ಸಹಿ ಬೇಕು. ಯಾರೋ 'ಜಿಪಿಎ ಮಾಡಿಸಿಕೋ' ಅಂದರು. ಜಿಪಿಎ ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ಸಹಿ, ವ್ಯವಹಾರ ಮಾಡಲು ಬರೆದುಕೊಡುವ ಅಧಿಕಾರಪತ್ರ. ಇವನು ಕಾಗದ ಟೈಪ್ ಮಾಡಿಸಿ, ತಂದೆಯನ್ನು ಕರೆದುಕೊಂಡು ಹೋದ. ನೋಟರಿ ಅವರ ಹತ್ತಿರ ಎರಡು ನಿಮಿಷ ಮಾತಾಡಿ, ಕಾಗದ ಮಡಿಚಿ ವಾಪಸ್ ಕೊಟ್ಟರಂತೆ. 'ಇದೇನು ಅಂತ ಅವರಿಗೆ ಗೊತ್ತಾಗ್ತಿಲ್ಲ. ನಾನು ಹಾಕಲ್ಲ.' ಗೆಳೆಯ ನನ್ನ ಮುಂದೆ ಬೈದುಕೊಂಡ. ಹೊಟ್ಟೆಪಾಡಿಗೆ ಎಲ್ಲರಿಗೂ ಸೀಲು ಹೊಡೆಯೋರು ನನಗೊಬ್ಬನಿಗೆ ಹರಿಶ್ಚಂದ್ರ ಆದರು ಅಂದ. ಅವತ್ತು ನಾನೂ ಅವನ ಜೊತೆ ಸೇರಿ ಬೈದೆ.

ಈಗ ಅನಿಸುತ್ತದೆ, ಆ ನೋಟರಿ ಅವನಿಗೆ ಉಪಕಾರ ಮಾಡಿದರು. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಅಂದರೆ ಅಪ್ಪನಿಗೆ ಮುಂದೆ ಏನಾದರೂ ಆದರೆ ಇರಲಿ ಅಂತ ಯಾವ ಕಾಗದ ಮಾಡಿಸುತ್ತೇವೋ, ಆ 'ಏನಾದರೂ' ಆದ ದಿನವೇ ಕಾಗದ ಸಾಯುತ್ತದೆ. ಇಂಗ್ಲೆಂಡಿನಲ್ಲಿ ಬುದ್ಧಿ ಹೋದ ಮೇಲೂ ನಡೆಯುವ ಅಧಿಕಾರಪತ್ರಕ್ಕೆ 2005ರ ಕಾಯ್ದೆಯಲ್ಲಿ ದಾರಿ ಇದೆ. ನಮ್ಮ 1872ರ ಕಲಮಿನಲ್ಲಿ ಅಂಥ ದಾರಿಯಿಲ್ಲ. ಮಂಡಿ ನೋವಿಗೆ, ದೂರದೂರಿನ ಕೆಲಸಕ್ಕೆ, ವಿದೇಶದಲ್ಲಿದ್ದಾಗ ಜಿಪಿಎ ಸರಿ. ನೋಟರಿ ಎದುರು ಬರೆದುಕೊಟ್ಟ ಅಧಿಕಾರಪತ್ರವನ್ನು ಕೋರ್ಟ್ ಮೇಲ್ನೋಟಕ್ಕೆ ನಂಬುತ್ತದೆ ಕೂಡ. ಮರೆವಿಗೆ ಮಾತ್ರ ಅದು ಮದ್ದಲ್ಲ. ಗೆಳೆಯ ಕೊನೆಗೆ ಕೋರ್ಟಿಗೆ ಹೋಗಿ ತನ್ನ ತಂದೆಗೆ ತಾನೇ ಗಾರ್ಡಿಯನ್ ಆಗಿ ನೇಮಕವಾಗಬೇಕಾಯಿತು.

ನೀವೆಲ್ಲ ಹೊರಗಿರಿ

ಅಪ್ಪ ಐಸಿಯುನಲ್ಲಿ ಹನ್ನೊಂದು ದಿನ ಇದ್ದು ಹೋದರು. ಅದರಲ್ಲಿ ಒಂಬತ್ತು ದಿನ ವೆಂಟಿಲೇಟರ್. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ವರ್ಷ ಕಳೆದ ಮೇಲೆ ಒಂದು ದಿನ ಅಮ್ಮ ಪೇಪರಿನಿಂದ ಕತ್ತರಿಸಿಟ್ಟ ಒಂದು ಸುದ್ದಿ ತಂದು ನನ್ನ ಮುಂದಿಟ್ಟು, 'ಇದನ್ನ ಮಾಡಿಸಿಕೊಡು' ಅಂದಳು. ಲಿವಿಂಗ್ ವಿಲ್ ಬಗ್ಗೆ ಇತ್ತು. ಗುಣವಾಗುವ ದಾರಿ ಇಲ್ಲ ಅಂತ ಆದಾಗ ತನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ.

ಇದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟರ ರುಜು ಬೇಕು ಅಂದಿತ್ತು. ಕಳ್ಳತನ, ಹೊಡೆದಾಟದ ಕೇಸುಗಳ ನಡುವೆ 'ನನ್ನ ಸಾವಿನ ಬಗ್ಗೆ ಒಂದು ಸಹಿ ಹಾಕಿ ಸ್ವಾಮಿ' ಅಂತ ಯಾರು ಹೋಗಿ ನಿಲ್ಲುತ್ತಾರೆ? 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲ ಮಾಡಿತು. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು ಅಂದಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿತು. ವಿಲ್‌ಗೆ ನೋಟರಿ ಬೇಕೇ ಬೇಕು ಅಂತ ನಂಬಿರುವ ನಮಗೆ ಈ ಕಾಗದದ ಹೆಸರೇ ಗೊತ್ತಿಲ್ಲ. ಕಾನೂನು ನೋಟರಿಯನ್ನು ಹೆಸರು ಹಿಡಿದು ಕರೆಯುವುದು ಇಲ್ಲಿ. ಅದೂ ಸುಮ್ನೆ ಸೀಲಿಗಲ್ಲ. ಬರೆದವರು ಯಾರ ಒತ್ತಾಯವೂ ಇಲ್ಲದೆ, ಪರಿಣಾಮ ಏನು ಅಂತ ತಿಳಿದೇ ಬರೆದಿದ್ದಾರೆ ಅಂತ ತಮಗೆ ಮನವರಿಕೆಯಾಗಿದೆ ಎಂದು ಸಾಕ್ಷಿಗಳೂ ನೋಟರಿಯೂ ಬರೆಯಬೇಕು.

ದೊಡ್ಡಪ್ಪನ ಆಟೋ ನೆನಪಿತ್ತು. ಈ ಸಲ ಮನೆಗೇ ಬರುವವರನ್ನು ಹುಡುಕಿದೆ. ಬಂದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಹೆಗಲಿಗೆ ದೊಡ್ಡ ಬಟ್ಟೆ ಚೀಲ, ಅದರಲ್ಲಿ ರಟ್ಟಿನ ಹೊದಿಕೆಯ ಉದ್ದ ರಿಜಿಸ್ಟರು. ನಾನು ಸೀಲು ಎಲ್ಲಿ ಬೀಳಬೇಕು ಅಂತ ತೋರಿಸಲು ಕಾಗದ ಮುಂದೆ ಹಿಡಿದೆ. ಅವರು ಅದನ್ನು ಮುಟ್ಟಲೂ ಇಲ್ಲ. 'ಮೊದಲು ಅಮ್ಮನ ಹತ್ತಿರ ಮಾತಾಡ್ತೀನಿ. ನೀವೆಲ್ಲ ಹೊರಗಿರಿ' ಅಂದರು. ನಾನು, ಅಕ್ಕ, ಸಾಕ್ಷಿಗೆ ಬಂದ ಇಬ್ಬರು, ನಾಲ್ವರೂ ವರಾಂಡಕ್ಕೆ ಬಂದೆವು. ಬಾಗಿಲು ಮುಚ್ಚಿತು.

ಇಪ್ಪತ್ತು ನಿಮಿಷ. ಅವರ ಚಪ್ಪಲಿ ಮೆಟ್ಟಿಲ ಹತ್ತಿರ ಇತ್ತು. ಒಂದರ ಹಿಮ್ಮಡಿ ಒಂದು ಕಡೆ ಸವೆದಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಒಳಗಿಂದ ಮಾತು ಕೇಳಿಸುತ್ತಿರಲಿಲ್ಲ. ನಡುವೆ ಒಂದು ಸಲ ಅಮ್ಮ ನಕ್ಕದ್ದು ಮಾತ್ರ ಕೇಳಿಸಿತು. ಅಕ್ಕ ನನ್ನ ಮುಖ ನೋಡಿದಳು. ನಾನು ಭುಜ ಹಾರಿಸಿದೆ. ಈ ಪತ್ರ ಮಾಡಿಸಲು ಓಡಾಡಿದ್ದು ನಾನು. ಸುಪ್ರೀಂ ಕೋರ್ಟ್ ಏನಂದಿತು ಅಂತ ಅಮ್ಮನಿಗೆ ಓದಿ ಹೇಳಿದ್ದು ನಾನು. ನನ್ನನ್ನೇ ಹೊರಗೆ ನಿಲ್ಲಿಸಿದರಲ್ಲ ಅಂತ ಸ್ವಲ್ಪ ಚುಚ್ಚಿತು. ಆಮೇಲೆ ಹೊಳೆಯಿತು. ಅಮ್ಮನ ಸಾವಿನ ಕಾಗದಕ್ಕೆ ಇಷ್ಟು ಮುತುವರ್ಜಿಯಿಂದ ಓಡಾಡುವ ಮಗನನ್ನು ನೋಡಿದರೆ ನಾನಾದರೂ ಹೊರಗೇ ನಿಲ್ಲಿಸುತ್ತಿದ್ದೆ.

ಬಾಗಿಲು ತೆರೆದಾಗ ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿತ್ತು. 'ನೋವು ಕಡಿಮೆ ಮಾಡುವ ಔಷಧಿಯನ್ನು ಮಾತ್ರ ಕೊನೆಯ ತನಕ ಕೊಡಬೇಕು.' ನಾನು ಟೈಪ್ ಮಾಡಿಸಿದ್ದರಲ್ಲಿ ಬೇಡದ್ದರ ಪಟ್ಟಿ ಮಾತ್ರ ಇತ್ತು. ಬೇಕಾದ್ದು ಏನು ಅಂತ ನಾನು ಕೇಳಿಯೇ ಇರಲಿಲ್ಲ. ಆ ಹಾಳೆ ತಿರುಗಿ ಟೈಪ್ ಆಯಿತು. ನೋಟರಿ ಅದನ್ನು ಮೊದಲಿಂದ ಕೊನೆಯವರೆಗೆ ಜೋರಾಗಿ ಓದಿದರು. ಅಮ್ಮನಿಗೆ ಹೇಳಲಾಗದ ಸ್ಥಿತಿ ಬಂದಾಗ ಅವಳ ಪರವಾಗಿ ತೀರ್ಮಾನ ಹೇಳುವವರ ಹೆಸರು ಬಂದಾಗ ನಿಲ್ಲಿಸಿ ಅಮ್ಮನ ಮುಖ ನೋಡಿದರು. ಒಬ್ಬರಿಗಿಂತ ಜಾಸ್ತಿ ಜನರನ್ನು ಹೆಸರಿಸಬಹುದು. ಅಮ್ಮ ಅಕ್ಕನ ಹೆಸರು ಮೊದಲು ಹೇಳಿದಳು. ನನ್ನದು ಎರಡನೆಯದು.

ಅಮ್ಮ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದಳು. ಸಾಕ್ಷಿಗಳು ಅವಳೆದುರೇ ಹಾಕಿದರು. 1, 2. ಎರಡೂ ಗೆರೆ ತುಂಬಿತು. ನೋಟರಿ ರಿಜಿಸ್ಟರನ್ನು ಅಮ್ಮನ ಕಡೆ ತಿರುಗಿಸಿ, ಬೆರಳಿಟ್ಟು ಜಾಗ ತೋರಿಸಿ ಅಲ್ಲೂ ಒಂದು ಸಹಿ ತೆಗೆದುಕೊಂಡರು. ಸೀಲು ಹೊರಗೆ ಬಂದದ್ದು ಆಮೇಲೆ. ಒಂದು ಪ್ರತಿ ಸ್ಥಳೀಯ ಆಡಳಿತದ ಅಧಿಕಾರಿಗೆ, ಒಂದು ಮನೆ ಡಾಕ್ಟರಿಗೆ ಕೊಡಬೇಕು ಅಂತ ನೆನಪು ಮಾಡಿ ಹೊರಟರು.

ಸುದ್ದಿ ಅತ್ತೆಗೂ ಮುಟ್ಟಿತು. ಮುಂದಿನ ಸಲ ಹೋದಾಗ ತನ್ನ ಎರಡು ಬಳೆ, ಒಂದು ಠೇವಣಿ ಯಾರಿಗೆ ಅಂತ ಬರೆದುಕೊಡು ಅಂದರು. ಠೇವಣಿಗೆ ನಾಮಿನಿ ಇದ್ದಾರಲ್ಲ ಅಂದೆ. ನಾಮಿನಿ ಬರೀ ಕೈಗೆ ಇಸಕೊಳ್ಳೋನು, ಅವನದ್ದೇ ಆಗಲ್ಲವಂತೆ, ಪಕ್ಕದ ಮನೆಯವರು ಹೇಳಿದರು ಅಂದರು. ಹೇಳಿದ್ದು ಸರಿಯೇ ಇತ್ತು. ಬಿಳಿ ಹಾಳೆಯ ಮೇಲೆ ಬರೆದೆವು. ಪಕ್ಕದ ಮನೆಯ ಗಂಡ ಹೆಂಡತಿಯೇ ಸಾಕ್ಷಿ. ಇಬ್ಬರೂ ನಲವತ್ತರ ಒಳಗಿನವರು. ಅತ್ತೆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. 'ಸೀಲು ಬೇಡವೇನೋ?' ಅಂದರು. ಬೇಡ ಅತ್ತೆ ಅಂದೆ. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಅಮ್ಮನನ್ನು ಆ ರಾತ್ರಿಯೇ ಕೇಳಿದ್ದೆ. ಒಳಗೆ ಅವರು ಏನು ಕೇಳಿದರು, ನೀನು ಯಾಕೆ ನಕ್ಕೆ ಅಂತ.

'ನಿನ್ನ ಹೊರಗೆ ಕಳಿಸಿದ್ದು ಯಾಕೆ ಮತ್ತೆ' ಅಂದು ದೀಪ ಆರಿಸಿದಳು.